4 ಟಿಬಿ ಡಿಸ್ಕ್‌ನಲ್ಲಿ 2 ಟಿಬಿ ಎಲ್ಲಿ ಹೋಯಿತು?

ಪ್ರಶ್ನೆ: ನಾವು ಡೊಂಬಿವಲಿಯವರು. ನಮ್ಮ ಸಂಘದ ಹಳೆಯ ಯಕ್ಷಗಾನ, ತಾಳಮದ್ದಳೆ, ನಾಟಕಗಳ ರೆಕಾರ್ಡಿಂಗ್ ಎಲ್ಲ ಒಂದೇ ಕಡೆ ಇರಲಿ ಅಂತ ಲ್ಯಾಮಿಂಗ್ಟನ್ ರೋಡಿನಿಂದ 4 ಟಿಬಿ ಹಾರ್ಡ್ ಡಿಸ್ಕ್ ತಂದೆವು. ನಮ್ಮ ಹಳೆ 1 ಟಿಬಿ ಡಿಸ್ಕನ್ನು ಅದಕ್ಕೆ ಕ್ಲೋನ್ ಮಾಡಿ, ಆಮೇಲೆ ಜಾಗ ಹಿಗ್ಗಿಸಿದೆವು. ಆದರೆ ಸಂಘದ ಕಂಪ್ಯೂಟರ್ (ವಿಂಡೋಸ್ 10) 1.99 ಟಿಬಿ ಮಾತ್ರ ತೋರಿಸುತ್ತಿದೆ. ಅದರಲ್ಲಿ ಈಗಾಗಲೇ 1.2 ಟಿಬಿ ತುಂಬಿದೆ. ಸದಸ್ಯರೊಬ್ಬರ ಹಳೆಯ ಯುಎಸ್‌ಬಿ ಡಾಕ್‌ಗೆ (ಡಿಸ್ಕ್ ಸಿಕ್ಕಿಸಿ ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಹಾಕಿ ನೋಡಿದರೆ ಇಡೀ ಡಿಸ್ಕೇ 1678 ಜಿಬಿ ಅಂತ ಬಂತು. ಫೈಲು ತೆರೆಯಲಿಲ್ಲ, ಫಾರ್ಮ್ಯಾಟ್ ಮಾಡಬೇಕಾ ಅಂತ ಕೇಳಿತು. ಹೆದರಿ ಕಿತ್ತೆವು. ಅಂಗಡಿಯವನು "ಒಮ್ಮೆ ಫಾರ್ಮ್ಯಾಟ್ ಮಾಡಿ ನೋಡಿ" ಅನ್ನುತ್ತಾನೆ. ಸಮಿತಿಯಲ್ಲಿ ಒಬ್ಬರು, 2 ಟಿಬಿ ಡಿಸ್ಕಿಗೆ 4ರ ಸ್ಟಿಕರ್ ಅಂಟಿಸಿ ಕೊಟ್ಟಿದ್ದಾನೆ ಅನ್ನುತ್ತಾರೆ. ಏನು ಮಾಡೋಣ?

ಉತ್ತರ: ಮೊದಲು ಅಂಗಡಿಯವನನ್ನು ಬಿಟ್ಟುಬಿಡಿ. ಡಿಸ್ಕ್ ಮಟ್ಟಿಗೆ ಅವನು ಮೋಸ ಮಾಡಿಲ್ಲ. ಅವನು ಹೇಳಿದ ಮಾತನ್ನು ಮಾತ್ರ ಕೇಳಬೇಡಿ. ಈಗ ಫಾರ್ಮ್ಯಾಟ್ ಮಾಡಿದರೆ 1.2 ಟಿಬಿ ರೆಕಾರ್ಡಿಂಗ್ ಹೋಗುತ್ತದೆ, ಜಾಗ ಮಾತ್ರ 1.99ರಲ್ಲೇ ಉಳಿಯುತ್ತದೆ. ಎರಡೂ ಕಡೆ ನಷ್ಟ.

ನಿಮ್ಮ ಪತ್ರದಲ್ಲಿ ನನಗೆ ಬೇಕಾದದ್ದು ಎರಡೇ ಅಂಕಿ, 1.99 ಮತ್ತು 1678. ಜಾಗ ಕಡಿಮೆ ಬಂದಿದೆ ಅಂತ ಡಿಸ್ಕ್ ಹಿಡಿದುಕೊಂಡು ಬಂದವರನ್ನು ನಾನು ಮೊದಲು ಕೇಳೋದು ಬ್ರ್ಯಾಂಡ್ ಅಲ್ಲ, ಬಿಲ್ಲೂ ಅಲ್ಲ. ಸರಿಯಾಗಿ ಎಷ್ಟು ತೋರಿಸುತ್ತಿದೆ ಅಂತ. "ಅರ್ಧ ತೋರಿಸ್ತಿದೆ" ಅಂದರೆ ಸಾಲದು. ಅಂಕಿ ಸರಿಯಾಗಿ ಸಿಕ್ಕಿದರೆ ಡಿಸ್ಕ್ ಮುಟ್ಟುವ ಮೊದಲೇ ಮುಕ್ಕಾಲು ಕೆಲಸ ಮುಗಿದಿರುತ್ತದೆ.

ಮೊದಲು ಸಣ್ಣ ಸಂಗತಿ. ಎಲ್ಲ ಸರಿ ಮಾಡಿದ ಮೇಲೂ ನಿಮ್ಮ ಕಂಪ್ಯೂಟರ್ 4 ಟಿಬಿ ತೋರಿಸುವುದಿಲ್ಲ. 3.63 ಟಿಬಿ ತೋರಿಸುತ್ತದೆ. ಸಮಿತಿಯವರಿಗೆ ಇದನ್ನು ಈಗಲೇ ಹೇಳಿಟ್ಟುಕೊಳ್ಳಿ, ಇಲ್ಲದಿದ್ದರೆ ಮುಂದಿನ ಮೀಟಿಂಗಿನಲ್ಲಿ ಮತ್ತೆ ಇದೇ ಗಲಾಟೆ. ಡಿಸ್ಕ್ ತಯಾರಿಸುವವರ ಲೆಕ್ಕದಲ್ಲಿ 1 ಟಿಬಿ ಅಂದರೆ 1 ಲಕ್ಷ ಕೋಟಿ ಬೈಟ್. ವಿಂಡೋಸ್ 1024ರ ಮೆಟ್ಟಿಲಲ್ಲಿ ಎಣಿಸುತ್ತದೆ, ಅದರ 1 ಟಿಬಿ ಅಂದರೆ 1,09,951 ಕೋಟಿ ಬೈಟ್ ಚಿಲ್ಲರೆ. ಡಿಸ್ಕ್ ಅದೇ, ಅಳತೆಯ ಪಾತ್ರೆ ದೊಡ್ಡದು. ಹಿಂದೆ ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ಸಮ ಇರುತ್ತಿರಲಿಲ್ಲ, ಅಲ್ವಾ? ಹಾಗೆಯೇ ಇದು.

ಮುಂಬಯಿಯಲ್ಲಿ ಇದನ್ನು ವಿವರಿಸಲು ಎಲ್ಲರೂ ಫ್ಲ್ಯಾಟಿನ ಉದಾಹರಣೆ ಕೊಡುತ್ತಾರೆ. ಡಬ್ಬಿ ಮೇಲಿನದು ಸೂಪರ್ ಬಿಲ್ಟಪ್, ಕೈಗೆ ಸಿಗುವುದು ಕಾರ್ಪೆಟ್ ಏರಿಯಾ ಅಂತ. ನನಗೆ ಅದು ಒಪ್ಪಿಗೆಯಿಲ್ಲ. ಕಾರ್ಪೆಟ್ ಏರಿಯಾದಲ್ಲಿ ಜಾಗ ನಿಜವಾಗಿಯೂ ಕಡಿಮೆ, ಲಿಫ್ಟು ಮೆಟ್ಟಿಲಿಗೆಲ್ಲ ನಮ್ಮ ದುಡ್ಡು ಹೋಗಿರುತ್ತದೆ. ಇಲ್ಲಿ ಒಂದು ಬೈಟೂ ಹೋಗಿಲ್ಲ. ಒಂದೇ ಕೋಣೆಯನ್ನು ಒಬ್ಬ ಚದರ ಅಡಿಯಲ್ಲಿ ಹೇಳಿದ, ಇನ್ನೊಬ್ಬ ಚದರ ಮೀಟರಿನಲ್ಲಿ ಹೇಳಿದ, ಅಷ್ಟೆ. ಇದೇ ಡಿಸ್ಕನ್ನು ಮ್ಯಾಕ್‌ಗೆ ಹಾಕಿದರೆ 4 ಟಿಬಿ ಅಂತಲೇ ತೋರಿಸುತ್ತದೆ. ಆಪಲ್‌ನವರು 2009ರ ಸ್ನೋ ಲೆಪರ್ಡ್‌ನಿಂದ ಸಾವಿರದ ಲೆಕ್ಕಕ್ಕೆ ಬಂದರು. 1024ರ ಅಳತೆಗೆ ಗಿಬಿಬೈಟ್, ಟೆಬಿಬೈಟ್ ಅಂತ ಬೇರೆ ಹೆಸರು 1998ರಲ್ಲೇ ಬಂತು. ವಿಂಡೋಸ್ ಇಂದಿಗೂ 1024ರ ಲೆಕ್ಕ ಮಾಡಿ ಹೆಸರು ಮಾತ್ರ ಜಿಬಿ, ಟಿಬಿ ಅಂತಲೇ ಬರೆಯುತ್ತದೆ. ನನ್ನ ಪ್ರಕಾರ ತಪ್ಪು ವಿಂಡೋಸಿನದು. ಆದರೆ ಅಮೆರಿಕದಲ್ಲಿ ಗಿರಾಕಿಗಳು ಕೋರ್ಟಿಗೆ ಎಳೆದದ್ದು ಡಿಸ್ಕ್ ಮಾಡುವವರನ್ನು. ವೆಸ್ಟರ್ನ್ ಡಿಜಿಟಲ್ 2006ರಲ್ಲಿ, ಸೀಗೇಟ್ 2007ರಲ್ಲಿ ರಾಜಿ ಮಾಡಿಕೊಂಡವು. ಇದಕ್ಕಿಂತ ತಮಾಷೆ ಹಳೆ ಫ್ಲಾಪಿಯದು. ಅದರ 1.44 ಎಂಬಿಯಲ್ಲಿ ಒಂದು ಮೆಟ್ಟಿಲು 1000, ಇನ್ನೊಂದು 1024. ಎರಡೂ ಲೆಕ್ಕಕ್ಕೆ ಸೇರದ ಕಲಬೆರಕೆ ಅಂಕಿ.

ಹಾಗಾಗಿ 500 ಜಿಬಿ ಡಿಸ್ಕ್ 465 ತೋರಿಸಿದರೆ, 1 ಟಿಬಿ 931 ಜಿಬಿ ತೋರಿಸಿದರೆ, 2 ಟಿಬಿ 1.81 ತೋರಿಸಿದರೆ ಸುಮ್ನೆ ಇದ್ದುಬಿಡಿ.

ಈಗ 1.99. ಇದು ಆ ಲೆಕ್ಕಕ್ಕೆ ಬರುವುದಿಲ್ಲ. 3.63 ಬರಬೇಕಾದಲ್ಲಿ 2ರ ಹತ್ತಿರ ಸರಿಯಾಗಿ ಕತ್ತರಿಸಿ ನಿಂತಿದೆ. ಇಷ್ಟು ನೀಟಾಗಿ ನಿಲ್ಲುವುದು ಒಂದೇ ಕಾರಣಕ್ಕೆ. ಡಿಸ್ಕಿನ ಮೊದಲ ಪುಟದಲ್ಲಿರುವ ಪಾರ್ಟಿಷನ್ ಪಟ್ಟಿ, ಅಂದರೆ ಡಿಸ್ಕಿನ ಯಾವ ಭಾಗ ಎಲ್ಲಿಂದ ಎಲ್ಲಿವರೆಗೆ ಅಂತ ಬರೆದಿಟ್ಟ ಪಟ್ಟಿ, ಹಳೇ ಎಂಬಿಆರ್ ಪದ್ಧತಿಯದು.

ಈ ಎಂಬಿಆರ್ ಪಟ್ಟಿ 1983ರಲ್ಲಿ ಐಬಿಎಂ ಪಿಸಿ ಎಕ್ಸ್‌ಟಿ ಯಂತ್ರ ಮತ್ತು ಡಾಸ್ 2.0 ಜೊತೆ ಬಂದದ್ದು. ಆ ಯಂತ್ರದ ಡಿಸ್ಕ್ ಬರೀ 10 ಎಂಬಿ. ಡಿಸ್ಕಿನ ಜಾಗವನ್ನು 512 ಬೈಟಿನ ಸೆಕ್ಟರ್‌ಗಳಾಗಿ ಎಣಿಸುತ್ತಾರೆ. ಆ ಪಟ್ಟಿಯಲ್ಲಿ ಸೆಕ್ಟರ್ ನಂಬರ್ ಬರೆಯಲು ಇಟ್ಟ ಜಾಗ 32 ಬಿಟ್. ಅಂದರೆ ಹೆಚ್ಚೆಂದರೆ 429 ಕೋಟಿ 49 ಲಕ್ಷದವರೆಗೆ ಎಣಿಸಬಹುದು. ಅದನ್ನು 512ರಿಂದ ಗುಣಿಸಿದರೆ ವಿಂಡೋಸ್ ಲೆಕ್ಕದಲ್ಲಿ 2048 ಜಿಬಿ. ಆ ಕಾಲದ ಡಿಸ್ಕಿನ ಸುಮಾರು ಎರಡು ಲಕ್ಷ ಪಟ್ಟು. ಅವರಿಗೆ ಇನ್ನೇನು ಬೇಕಿತ್ತು ಹೇಳಿ?

ನಿಮ್ಮ 4 ಟಿಬಿ ಡಿಸ್ಕಿನಲ್ಲಿ 781 ಕೋಟಿ 40 ಲಕ್ಷ ಸೆಕ್ಟರ್ ಇವೆ. ಪಟ್ಟಿ 429 ಕೋಟಿಗೆ ಮುಗಿಯಿತು. ನಮ್ಮ ಲೋಕಲ್ ಟ್ರೇನನ್ನು ನೆನಪಿಸಿಕೊಳ್ಳಿ. 12 ಡಬ್ಬಿಯ ಪ್ಲ್ಯಾಟ್‌ಫಾರ್ಮಿಗೆ 15 ಡಬ್ಬಿಯ ಗಾಡಿ ಬಂದು ನಿಂತರೆ ಕೊನೆಯ ಮೂರು ಡಬ್ಬಿ ಹೊರಗೆ ಉಳಿಯುತ್ತವೆ. ಡಬ್ಬಿ ಇದೆ, ಸೀಟೂ ಇದೆ. ಹತ್ತಲು ಪ್ಲ್ಯಾಟ್‌ಫಾರ್ಮ್ ಇಲ್ಲ.

ಆ ಹಳೇ ಪಟ್ಟಿ ಹೊಸ ಡಿಸ್ಕಿಗೆ ಹೇಗೆ ಬಂತು? ನೀವೇ ತಂದಿರಿ. ಕ್ಲೋನ್ ಅಂದರೆ ಫೈಲ್ ಕಾಪಿ ಅಲ್ಲ. ಮನೆ ಬದಲಿಸುವಾಗ ಸಾಮಾನಿನ ಜೊತೆ ಹಳೇ ಮನೆಯ ನಕಾಶೆಯನ್ನೂ ತಂದು ಹೊಸ ಮನೆಗೆ ಅಂಟಿಸಿದಂತೆ. ನಿಮ್ಮ 1 ಟಿಬಿ ಡಿಸ್ಕಿನಲ್ಲಿ ಎಂಬಿಆರ್ ಇತ್ತು, 1 ಟಿಬಿಗೆ ಅದು ಧಾರಾಳ ಸಾಕು. ಹೊಸದಕ್ಕೂ ಅದೇ ಬಂತು. ಕ್ಲೋನ್ ಮಾಡದವರೂ ಹೀಗೆ ಸಿಕ್ಕಿಬೀಳುತ್ತಾರೆ. ಹೊಸ ಡಿಸ್ಕ್ ಹಾಕಿದಾಗ ವಿಂಡೋಸ್ "ಎಂಬಿಆರ್ ಅಥವಾ ಜಿಪಿಟಿ?" ಅಂತ ಕೇಳುತ್ತದೆ. ಜಿಪಿಟಿ ಅಂದರೆ ಹೊಸ ಪದ್ಧತಿಯ ಪಟ್ಟಿ. ಅದು ಗೊತ್ತಿಲ್ಲದೆ ಏನೋ ಒಂದು ಅಂತ ಒತ್ತಿಬಿಡುತ್ತಾರೆ.

ಖಚಿತ ಮಾಡಿಕೊಳ್ಳಲು ಎರಡು ನಿಮಿಷ ಸಾಕು. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಕೆಳಗಿನ ಸಾಲಿನಲ್ಲಿ ನಿಮ್ಮ ಡಿಸ್ಕ್ ಹುಡುಕಿ. ಎಡಗಡೆ ಒಟ್ಟು ಗಾತ್ರ 3726 ಜಿಬಿ ಅಂತ ಇರಬೇಕು. ಪಕ್ಕದಲ್ಲಿ 2048 ಜಿಬಿಯ ಪಾರ್ಟಿಷನ್, ಅದರಾಚೆ ಕಪ್ಪು ಪಟ್ಟಿಯಲ್ಲಿ 'ಅನ್‌ಅಲೊಕೇಟೆಡ್' 1678 ಜಿಬಿ. ಅದರ ಮೇಲೆ ರೈಟ್ ಕ್ಲಿಕ್ ಮಾಡಿದರೆ ಹೊಸ ವಾಲ್ಯೂಮ್ ಮಾಡುವ ಆಯ್ಕೆ ಮಂಕಾಗಿರುತ್ತದೆ. ನಿಮ್ಮ ಕಳೆದುಹೋದ 2 ಟಿಬಿ ಅಲ್ಲಿದೆ. ಸ್ಟಿಕರ್ ಮೋಸ ಆಗಿದ್ದರೆ ಎಡಗಡೆ 3726 ಬರುತ್ತಲೇ ಇರಲಿಲ್ಲ, 1863 ಬರುತ್ತಿತ್ತು. ಈ ಪರದೆಯ ಫೋಟೊ ತೆಗೆದು ಸಮಿತಿಯವರಿಗೆ ಕಳಿಸಿ.

ಡಾಕ್ ತೋರಿಸಿದ 1678 ಅನ್ನು ಗಮನಿಸಿದಿರಾ? ಅದೇ ಅಂಕಿ, ಇಲ್ಲಿ ಮಾತ್ರ ತಲೆಕೆಳಗಾಗಿ ಬಂದಿದೆ. ಹಳೆಯ ಡಾಕ್‌ಗಳ ಒಳಗಿನ ಚಿಪ್ ಕೂಡ 32 ಬಿಟ್ಟಿನಲ್ಲೇ ಎಣಿಸುತ್ತದೆ. ಆದರೆ ಅದು 2048ಕ್ಕೆ ನಿಲ್ಲುವುದಿಲ್ಲ. ಹಳೇ ಪದ್ಮಿನಿ ಟ್ಯಾಕ್ಸಿಯ ಕಿಲೋಮೀಟರ್ ಅಂಕಿ 99999 ದಾಟಿ ಸೊನ್ನೆಗೆ ಬಂದಹಾಗೆ, 2048 ಆದ ಮೇಲೆ ಮತ್ತೆ ಒಂದರಿಂದ ಎಣಿಸುತ್ತದೆ. 3726ರಲ್ಲಿ 2048 ಕಳೆದರೆ 1678. 3 ಟಿಬಿ ಡಿಸ್ಕ್ ಆಗಿದ್ದರೆ 746 ಜಿಬಿ ತೋರಿಸುತ್ತದೆ. ಈ 746 ನಮ್ಮ ಧಂದೆಯಲ್ಲಿ ಹಳೇ ಪರಿಚಯ. ಡಾಕ್ ಇಲ್ಲದೆಯೂ ಹಳೇ ಸ್ಟೋರೇಜ್ ಡ್ರೈವರ್ ಇದ್ದ ಕಂಪ್ಯೂಟರುಗಳಲ್ಲಿ ಬರುತ್ತಿತ್ತು. ಡ್ರೈವರ್ ಹೊಸದು ಹಾಕಿದರೆ ಸರಿಹೋಗುತ್ತಿತ್ತು.

ಇಲ್ಲಿ ನಾನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ಆ ಡಾಕ್‌ಗೆ ಈ ಡಿಸ್ಕ್ ಇನ್ನೊಮ್ಮೆ ಹಾಕಬೇಡಿ. ಬರೆಯುವಾಗಲೂ ಅಂಥ ಚಿಪ್ ಹಾಗೇ ಸುತ್ತು ಹೊಡೆಯಬಹುದು. 2 ಟಿಬಿ ಆಚೆಗೆ ಹೋಗಬೇಕಾದ ಫೈಲು ಡಿಸ್ಕಿನ ಆರಂಭಕ್ಕೆ ಬಂದು, ಅಲ್ಲಿದ್ದುದರ ಮೇಲೆ ಕೂರುತ್ತದೆ. ಪಟ್ಟಿ ಇರುವುದೇ ಅಲ್ಲಿ. ಫಾರ್ಮ್ಯಾಟ್ ಕೇಳಿದಾಗ ನೀವು ಹೆದರಿ ಕಿತ್ತದ್ದು ಒಳ್ಳೆಯದೇ ಆಯಿತು.

ಡಾಕ್ ಮಾತು ಬಂದಾಗ ಇನ್ನೊಂದು ಅಂಕಿ ಹೇಳಿಬಿಡುತ್ತೇನೆ. ಡಬ್ಬಿಯಲ್ಲಿ ಬರುವ ಎಕ್ಸ್‌ಟರ್ನಲ್ 4 ಟಿಬಿ ಡಿಸ್ಕನ್ನು ಬಿಚ್ಚಿ ಕಂಪ್ಯೂಟರಿನ ಒಳಗಿನ ಸಾಟಾ ಕೇಬಲ್ಲಿಗೆ ಹಾಕುವವರಿದ್ದಾರೆ. ಆಗ ಕೆಲವೊಮ್ಮೆ 465 ಜಿಬಿ ಅಂತ ಬರುತ್ತದೆ, ಫೈಲು ಒಂದೂ ಕಾಣುವುದಿಲ್ಲ. ಕೆಲವು ಡಬ್ಬಿಗಳ ಚಿಪ್ 512ರ ಬದಲು 4096 ಬೈಟಿನ ಸೆಕ್ಟರ್ ಇದೆ ಅಂತ ಕಂಪ್ಯೂಟರಿಗೆ ಹೇಳುತ್ತದೆ. ಹಾಗೆ ಮಾಡಿ ಎಂಬಿಆರ್‌ನ 2 ಟಿಬಿ ಗೋಡೆ ಹಾರುವುದು ಅವರ ಜಾಣತನ. ಡಬ್ಬಿ ಬಿಚ್ಚಿದ ಕೂಡಲೇ ಆ ಅಂಕಿಗಳು 512ರ ಲೆಕ್ಕಕ್ಕೆ ಬೀಳುತ್ತವೆ. 3726ರ ಎಂಟನೇ ಒಂದು ಭಾಗ ಎಷ್ಟು? 465. ಫಾರ್ಮ್ಯಾಟ್ ಮಾಡದೆ ವಾಪಸ್ ಅದೇ ಡಬ್ಬಿಗೆ ಹಾಕಿದರೆ ಎಲ್ಲ ಇದ್ದಂತೆ ಸಿಗುತ್ತದೆ. ನನ್ನ ಹತ್ತಿರ ಬಂದವರೊಬ್ಬರು ಮದುವೆಯ ಫೋಟೊ ಎಲ್ಲ ಹೋಯಿತು ಅಂತ ಅಳುತ್ತಾ ಬಂದಿದ್ದರು. ಖಾಲಿ ಡಬ್ಬಿ ಇನ್ನೂ ಬ್ಯಾಗಿನಲ್ಲೇ ಇತ್ತು. ಐದು ನಿಮಿಷದ ಕೆಲಸ. ದುಡ್ಡು ತಗೊಳ್ಳಲು ನನಗೇ ಸಂಕೋಚವಾಯಿತು.

ಇನ್ನು ನಿಮ್ಮ ಡಿಸ್ಕ್ ಸರಿ ಮಾಡುವುದು. ಎಂಬಿಆರ್ ತೆಗೆದು ಜಿಪಿಟಿ ಪಟ್ಟಿ ಹಾಕಬೇಕು. ಅದರಲ್ಲಿ ಸೆಕ್ಟರ್ ನಂಬರಿಗೆ 64 ಬಿಟ್ ಜಾಗ ಇದೆ, ಮೊಮ್ಮಕ್ಕಳ ಕಾಲಕ್ಕೂ ಸಾಕು. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ಖಾಲಿ ಡಿಸ್ಕನ್ನು ಮಾತ್ರ ಜಿಪಿಟಿ ಮಾಡುತ್ತದೆ. ಖಾಲಿ ಮಾಡದೆ ಬದಲಿಸುವ ಸಾಫ್ಟ್‌ವೇರ್‌ಗಳೂ ಇವೆ. ಜಿಡಿಸ್ಕ್ ಅಂತ ಉಚಿತವಾದದ್ದೊಂದಿದೆ, ನಾನೇ ಬಳಸಿದ್ದೇನೆ, ಕೆಲಸ ಮಾಡುತ್ತದೆ. ಆದರೆ ನಿಮಗೆ ಅದನ್ನು ಹೇಳುವುದಿಲ್ಲ. ಕ್ಲೋನ್ ಆದ ಮೇಲೆ ಸೇರಿಸಿದ ರೆಕಾರ್ಡಿಂಗ್‌ಗಳು ಈ ಡಿಸ್ಕಿನಲ್ಲಿ ಮಾತ್ರ ಇವೆ ಅಂತ ಕಾಣುತ್ತದೆ. ಮೂವತ್ತು ವರ್ಷದ ಹಿಂದಿನ ಕ್ಯಾಸೆಟ್ಟಿನಿಂದ ಇಳಿಸಿದ ತಾಳಮದ್ದಳೆ ಒಂದೇ ಪ್ರತಿ ಇರುವಾಗ ಅದರ ಮೇಲೆ ಆಪರೇಷನ್ ಮಾಡುವ ಧೈರ್ಯ ನನಗಿಲ್ಲ. ಮಾಡುತ್ತೇನೆ ಅನ್ನುವವರಿದ್ದರೂ ನೀವು ಮಾಡಗೊಡಬೇಡಿ.

ಆದ್ದರಿಂದ ಇನ್ನೊಂದು 2 ಟಿಬಿ ಡಿಸ್ಕ್ ಕೊಳ್ಳಿ ಅಥವಾ ಸಾಲ ತನ್ನಿ. ಕೊಳ್ಳುವುದೇ ಮೇಲು. ಎರಡನೇ ಪ್ರತಿ ನಿಮಗೆ ಹೇಗೂ ಬೇಕಿತ್ತು, ಆ ಖರ್ಚು ಸ್ವಲ್ಪ ಬೇಗ ಬಂತು ಅಂದುಕೊಳ್ಳಿ. 1.2 ಟಿಬಿಯನ್ನು ಅದಕ್ಕೆ ಕಾಪಿ ಮಾಡಿ. ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟ್ ಆದರೆ ಮೂರು ನಾಲ್ಕು ಗಂಟೆ. ಹಳೇ ಯುಎಸ್‌ಬಿ 2 ಆದರೆ ಹತ್ತು ಗಂಟೆ ಹಿಡಿಯಬಹುದು, ರಾತ್ರಿ ಹಚ್ಚಿ ಮಲಗಿ. ಮಳೆಗಾಲದಲ್ಲಿ ಕರೆಂಟಿನ ನಂಬಿಕೆ ಇಲ್ಲದಿದ್ದರೆ ಯುಪಿಎಸ್ ಇರುವ ಕಡೆ ಮಾಡಿ. ಮುಗಿದ ಮೇಲೆ ಎರಡೂ ಕಡೆ ಎಲ್ಲ ಫೋಲ್ಡರ್ ಸೆಲೆಕ್ಟ್ ಮಾಡಿ ಪ್ರಾಪರ್ಟೀಸ್ ನೋಡಿ. ಫೈಲುಗಳ ಸಂಖ್ಯೆ, ಬೈಟ್ ಸಂಖ್ಯೆ ಎರಡೂ ಕೊನೆಯ ಅಂಕಿಯವರೆಗೆ ಹೊಂದಬೇಕು. ಒಂದು ಹತ್ತು ವಿಡಿಯೊ ತೆರೆದು ನಡುವಿನಲ್ಲಿ, ಕೊನೆಯಲ್ಲಿ ಓಡಿಸಿ ನೋಡಿ.

ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ 4 ಟಿಬಿ ಡಿಸ್ಕಿನ ಪಾರ್ಟಿಷನ್‌ಗಳನ್ನೆಲ್ಲ ಡಿಲೀಟ್ ಮಾಡಿ. ಎಡಗಡೆ ಡಿಸ್ಕಿನ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ 'ಕನ್ವರ್ಟ್ ಟು ಜಿಪಿಟಿ' ಈಗ ಮಂಕಾಗಿರುವುದಿಲ್ಲ. ಒತ್ತಿ. ಹೊಸ ಸಿಂಪಲ್ ವಾಲ್ಯೂಮ್ ಮಾಡಿ, ಎನ್‌ಟಿಎಫ್‌ಎಸ್ ಆರಿಸಿ, ಕ್ವಿಕ್ ಫಾರ್ಮ್ಯಾಟ್ ಕೊಡಿ. 3.63 ಟಿಬಿ ಬಂತು. ಬರೀ ಫೈಲ್ ಇಡುವ ಡಿಸ್ಕ್ ಆದ್ದರಿಂದ ಸಂಘದ ಕಂಪ್ಯೂಟರಿನ ಬಯಾಸ್ (ಕಂಪ್ಯೂಟರ್ ಚಾಲೂ ಆಗುವಾಗ ಮೊದಲು ಓಡುವ ಸಾಫ್ಟ್‌ವೇರ್) ಎಷ್ಟು ಹಳೆಯದಾದರೂ ತೊಂದರೆಯಿಲ್ಲ. ಜಿಪಿಟಿ ಡಿಸ್ಕಿನಿಂದ ವಿಂಡೋಸನ್ನೇ ಬೂಟ್ ಮಾಡಬೇಕಾದಾಗ ಮಾತ್ರ ಬಯಾಸಿನ ಹೊಸ ರೂಪವಾದ ಯುಇಎಫ್‌ಐ ಬೇಕು.

ಡಿಸ್ಕ್‌ಪಾರ್ಟ್ ಎಂಬ ಕಪ್ಪು ಪರದೆಯಲ್ಲಿ 'ಕ್ಲೀನ್' ಅಂತ ಹೊಡೆಯಿರಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದೂ ಸರಿಯೇ. ಆದರೆ ಅದು "ಖಚಿತವಾ?" ಅಂತ ಕೇಳುವುದಿಲ್ಲ. ಒಮ್ಮೆ ಡಿಸ್ಕ್ 1ರ ಬದಲು 2 ಅಂತ ಹೊಡೆದು ನನ್ನ ಸ್ವಂತ ಬ್ಯಾಕಪ್ ಡಿಸ್ಕನ್ನೇ ಕ್ಲೀನ್ ಮಾಡಿಕೊಂಡವನು ನಾನು. ಹೆಂಡತಿ ಇಂದಿಗೂ ಊರಿನ ಭೂತಕೋಲದ ಫೋಟೊ ಕೇಳುತ್ತಾಳೆ. ಅವತ್ತಿನಿಂದ ಇಂಥ ಕೆಲಸಕ್ಕೆ ಕೂರುವ ಮೊದಲು ಬೇಡದ ಡಿಸ್ಕುಗಳ ಕೇಬಲ್ ಕಿತ್ತಿಡುತ್ತೇನೆ. ನೀವೂ ಹಾಗೇ ಮಾಡಿ, ಎರಡನೇ ಪ್ರತಿ ಇರುವ ಡಿಸ್ಕ್ ಕಪಾಟಿನಲ್ಲಿರಲಿ.

ಇದನ್ನು ಓದುವ ಬೇರೆಯವರ ಅಂಕಿ ಬೇರೆ ಇರಬಹುದು. ಕೆಲವನ್ನು ಹೇಳುತ್ತೇನೆ.

ಪೆನ್ ಡ್ರೈವ್ ಅಥವಾ ಎಕ್ಸ್‌ಟರ್ನಲ್ ಡಿಸ್ಕ್ ಇದ್ದಕ್ಕಿದ್ದಂತೆ ನಾಲ್ಕೈದು ಜಿಬಿ ತೋರಿಸಿದರೆ, ಅದರ ಮೇಲೆ ಯಾವಾಗಲೋ ವಿಂಡೋಸ್ ಅಥವಾ ಲಿನಕ್ಸ್ ಇನ್‌ಸ್ಟಾಲ್ ಮಾಡುವ ಇಮೇಜ್ ಬರೆದಿರುತ್ತೀರಿ. ಉಳಿದ ಜಾಗ ಪಾರ್ಟಿಷನ್ ಇಲ್ಲದೆ ಬಿದ್ದಿರುತ್ತದೆ. ಹಳೇ ಎಕ್ಸ್‌ಪಿ ಯಂತ್ರದಲ್ಲಿ ದೊಡ್ಡ ಡಿಸ್ಕ್ 128 ಜಿಬಿಗೆ ನಿಂತರೆ ಅದು 28 ಬಿಟ್ಟಿನ ಹಳೇ ಗೋಡೆ, ಸರ್ವಿಸ್ ಪ್ಯಾಕ್ ಹಾಕದ ಎಕ್ಸ್‌ಪಿಯಲ್ಲಿ ಇತ್ತು.

1 ಟಿಬಿ ಡಿಸ್ಕ್ 32 ಎಂಬಿ ತೋರಿಸುವುದೂ ಉಂಟು. ಎಂಬಿ! ಒಂದು ಕಂಪನಿಯ ಮದರ್‌ಬೋರ್ಡ್ ತನ್ನ ಬಯಾಸಿನ ಪ್ರತಿಯನ್ನು ಡಿಸ್ಕಿನ ತುದಿಯಲ್ಲಿ ಬಚ್ಚಿಡಲು ಹೋಗಿ ಡಿಸ್ಕಿನ ಗಾತ್ರವನ್ನೇ ತಪ್ಪಾಗಿ ಬರೆದುಬಿಟ್ಟಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಡಿಸ್ಕಿನ ಒಳಗೇ ಹೀಗೆ ಮರೆ ಕಟ್ಟುವ ಜಾಗಕ್ಕೆ ಎಚ್‌ಪಿಎ ಅನ್ನುತ್ತಾರೆ. ಅಲ್ಲಿ ವಿಂಡೋಸ್ ಏನೂ ಮಾಡಲಾರದು. ಲಿನಕ್ಸಿನ ಎಚ್‌ಡಿಪಾರ್ಮ್‌ನಂಥ ಉಪಕರಣದಿಂದ ನಿಜವಾದ ಸೆಕ್ಟರ್ ಸಂಖ್ಯೆ ವಾಪಸ್ ಬರೆಯಬೇಕು. 1 ಟಿಬಿ ಡಿಸ್ಕಿಗೆ ಅದು 1,95,35,25,168. ಆದರೆ ಡಿಸ್ಕ್ ಸೊನ್ನೆ ತೋರಿಸುತ್ತಿದ್ದರೆ, ಅಥವಾ ಟಕ್ ಟಕ್ ಸದ್ದು ಬರುತ್ತಿದ್ದರೆ, ಯಾವ ಸಾಫ್ಟ್‌ವೇರನ್ನೂ ಓಡಿಸಬೇಡಿ. ಕರೆಂಟ್ ತೆಗೆದು ಡೇಟಾ ರಿಕವರಿಯವರ ಹತ್ತಿರ ಹೋಗಿ.

ಡಿಸ್ಕ್ ಹಳೆಯದಾದಂತೆ ಬ್ಯಾಡ್ ಸೆಕ್ಟರ್ ಹೆಚ್ಚಿ ಜಾಗ ಕರಗುತ್ತದೆ ಅಂತ ಜಾಸ್ತಿ ಜನ ನಂಬಿದ್ದಾರೆ. ಡಿಸ್ಕಿನೊಳಗೆ ಬದಲಿ ಸೆಕ್ಟರ್‌ಗಳ ಗುಟ್ಟಿನ ದಾಸ್ತಾನು ಇರುತ್ತದೆ, ಹಾಳಾದದ್ದರ ಜಾಗಕ್ಕೆ ಅಲ್ಲಿಂದ ಬರುತ್ತದೆ, ಒಟ್ಟು ಗಾತ್ರ ಹಾಗೇ ಇರುತ್ತದೆ. ಸಿ ಡ್ರೈವಿನಲ್ಲಿ ಖಾಲಿ ಜಾಗ ತಾನಾಗಿ ಕರಗುತ್ತಿದ್ದರೆ ಅದು ಹೈಬರ್ನೇಷನ್ ಫೈಲು, ರಿಸ್ಟೋರ್ ಪಾಯಿಂಟು, ಹಳೇ ವಿಂಡೋಸಿನ ಫೋಲ್ಡರು. ಬೇರೆಯೇ ವಿಷಯ.

ಸ್ಟಿಕರ್ ಅನುಮಾನ ಸಮಿತಿಯವರಿಗೆ ಇನ್ನೂ ಹೋಗದಿದ್ದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ತೋರಿಸಿ. ಡಿಸ್ಕ್ ತಾನೇ ಹೇಳಿಕೊಳ್ಳುವ ಮಾಡೆಲ್ ನಂಬರ್, ಸೀರಿಯಲ್ ನಂಬರ್ ಅಲ್ಲಿ ಬರುತ್ತದೆ, ಮೇಲಿನ ಚೀಟಿಗೆ ಹೋಲಿಸಿ. 'ಪವರ್ ಆನ್ ಅವರ್ಸ್' ಅಂತ ಒಂದು ಸಾಲಿದೆ. ಹೊಸ ಡಿಸ್ಕಿನಲ್ಲಿ ಅದು ನೀವು ಓಡಿಸಿದಷ್ಟು ಗಂಟೆ ಇರಬೇಕು. ಇಪ್ಪತ್ತು ಸಾವಿರ ಇದ್ದರೆ ಆಗ ಬಿಲ್ ಹಿಡಿದು ಅಂಗಡಿಗೆ ವಾಪಸ್ ಹೋಗಲು ಗ್ರ್ಯಾಂಟ್ ರೋಡ್ ಸ್ಟೇಷನ್ನಿಗೆ ಟಿಕೆಟ್ ತೆಗೆಯಿರಿ, ಎಲ್ಲೋ ಕ್ಯಾಮೆರಾ ಡಿವಿಆರ್‌ನಲ್ಲಿ ವರ್ಷಗಟ್ಟಲೆ ತಿರುಗಿದ ಡಿಸ್ಕಿಗೆ ಹೊಸ ಪ್ಲಾಸ್ಟಿಕ್ ಸುತ್ತಿರುತ್ತಾರೆ. ನಿಜವಾದ ಗಾತ್ರದ ಮೋಸ ನಡೆಯುವುದು ಅಂಗೈಯಗಲದ "16 ಟಿಬಿ ಎಸ್‌ಎಸ್‌ಡಿ" ಎರಡು ಸಾವಿರ ರೂಪಾಯಿಗೆ ಬಂದಾಗ. ಅದು ಕಡಿಮೆ ತೋರಿಸುವುದೇ ಇಲ್ಲ, ಪೂರ್ತಿ 16 ತೋರಿಸುತ್ತದೆ! ಒಳಗೆ ಒಂದು ಮೆಮೊರಿ ಕಾರ್ಡ್ ಇರುತ್ತದೆ. ಅದು ತುಂಬಿದ ಮೇಲೆ ಬರೆದದ್ದೆಲ್ಲ ಗಾಳಿಗೆ. ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಪುಟ್ಟ ಸಾಫ್ಟ್‌ವೇರ್ ಇಡೀ ಡಿಸ್ಕ್ ತುಂಬಿ, ಮತ್ತೆ ಓದಿ ಹೋಲಿಸಿ ಇದನ್ನು ಹಿಡಿಯುತ್ತದೆ.

ಇನ್ನೊಂದು ಮಾತು. ಈ ಡಿಸ್ಕನ್ನು ನೇರವಾಗಿ ಸಂಘದ ಟಿವಿಗೆ ಚುಚ್ಚಿ ಯಕ್ಷಗಾನ ಹಾಕುವ ಅಭ್ಯಾಸ ನಿಮಗಿದ್ದರೆ, ಜಿಪಿಟಿ ಆದ ಮೇಲೆ ಹಳೇ ಟಿವಿ ಅದನ್ನು ಗುರುತಿಸದೇ ಇರಬಹುದು. ಡಿಸ್ಕ್ ಮತ್ತೆ ಕೆಟ್ಟಿತು ಅಂತ ಗಾಬರಿಯಾಗಬೇಡಿ. ಅವತ್ತಿನ ಪ್ರಸಂಗವನ್ನು ಒಂದು ಪೆನ್ ಡ್ರೈವಿಗೆ ಹಾಕಿಕೊಂಡು ಹೋಗಿ, ಡಿಸ್ಕ್ ಕಂಪ್ಯೂಟರಿನೊಳಗೇ ಇರಲಿ.